ತೋಂಟದಾರ್ಯನ ಅಟ್ಟದ ಕಂಪ್ಯೂಟರು

ನಮ್ಮ ಬಿಳಿಗೆರೆಯಲ್ಲಿ ತೋಂಟದಾರ್ಯನಷ್ಟು ಮೊಂಡು ಇನ್ನೊಂದಿದ್ದರೆ ಅದು ಅವನ ಕಂಪ್ಯೂಟರು. ಹದಿನಾಲ್ಕು ವರ್ಷದ ಹಿಂದೆ ತಿಪಟೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ತೆಂಗಿನ ತೋಟ ನೋಡಿಕೊಂಡು ತಣ್ಣಗೆ ಇರಬೇಕಾದ ಮನುಷ್ಯ ಹಳೇ ಹಾಡು ರೆಕಾರ್ಡ್ ಮಾಡುವ ಹುಚ್ಚು ಹತ್ತಿಸಿಕೊಂಡ. ನಾನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವನು. ಕರೆಂಟಿನಲ್ಲಿ ಓಡುವುದೆಲ್ಲ ಒಂದೇ ಜಾತಿ ಎಂದು ನಂಬಿ ಅವನು ಪ್ರತಿ ಸಲವೂ ನನ್ನನ್ನೇ ಕರೆಯುತ್ತಾನೆ.

ಅವನ ಸ್ಟುಡಿಯೋ ಇರುವುದು ಮನೆಯ ಅಟ್ಟದ ಮೇಲೆ. ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಿಟುಕಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಮೂರು ಕಡೆ ಕಾಯಿ ರಾಶಿಯಿದ್ದರೆ ದನಿ ಗುಂಯ್‌ಗುಡುವುದಿಲ್ಲ ಎಂದು ಕಂಡುಹಿಡಿದ ತೋಂಟದಾರ್ಯ ನಡುವೆ ಕಂಪ್ಯೂಟರ್ ಇಟ್ಟ. ಅದನ್ನೂ ಕಾಯಿಯ ಜೊತೆಗೇ ಸೇರಿಸಿಬಿಟ್ಟ. ಅಟ್ಟಕ್ಕೆ ಹಾಕಿದ್ದನ್ನು ಬಿಚ್ಚಬಾರದಂತೆ! ಕೆಟ್ಟಾಗ ಪೆಟ್ಟಿಗೆ ಎತ್ತಿ, ಒಳಗೆ ಒಣಗಿದ ಗಿಟುಕು ಆಡುತ್ತದೋ ಇಲ್ಲವೋ ಎಂದು ನೋಡುವ ಹಾಗೆ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ.

ನಗುವ ಮಾತಲ್ಲ ಅನ್ನಿ. ಹೋದ ವರ್ಷ ಹಾಡುಗಾರ ದೊಡ್ಡರಂಗಯ್ಯನ ತತ್ವಪದ ಅರ್ಧ ಆಗಿದ್ದಾಗ ಕಂಪ್ಯೂಟರ್ ನಿಂತಿತು. ಸರಿ ಮಾಡಿ ಮತ್ತೆ ಕರೆಸೋಣ ಅನ್ನುವಷ್ಟರಲ್ಲಿ ದೊಡ್ಡರಂಗಯ್ಯನೇ ಹೋದ. ಆ ಅರ್ಧ ಪದವನ್ನು ತೋಂಟದಾರ್ಯ ಇವತ್ತಿಗೂ ಕೇಳಲಾರ.

ಹೀಗಿರುವಾಗ ಕಂದಿಕೆರೆಯಿಂದ ಚಿಕ್ಕಗಂಗಮ್ಮ ಬಂದಳು. ಎಂಬತ್ತರ ಹತ್ತಿರದ ಮುದುಕಿ, ತೋಂಟದಾರ್ಯನ ಹೆಂಡತಿ ಗಿರಿಜಾಂಬಿಕಾಳ ತವರೂರಿನವಳು. ಹೆಣ್ಣೊಪ್ಪಿಸುವ ಸೋಬಾನೆ ಪೂರ್ತಿ ಬರುವುದು ಈಗ ಅವಳೊಬ್ಬಳಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಇರುವುದು ಮೂರೇ ದಿನ. ಈ ಹಾಡೂ ಅರ್ಧಕ್ಕೆ ನಿಂತರೆ ತಾನು ಮೈಕ್ ಮುಟ್ಟುವುದಿಲ್ಲ ಎಂದು ತೋಂಟದಾರ್ಯ ನನ್ನ ಮುಂದೆ ಹೇಳಿದ.

ಮುದುಕಿಯದು ಒಂದು ಕಟ್ಟುನಿಟ್ಟು. ಸೋಬಾನೆ ನಡುವೆ ಕಡಿದರೆ ಹೆಣ್ಣಿಗೆ ಒಳ್ಳೆಯದಲ್ಲ. ಮತ್ತೆ ಗಣಪತಿ ಪದದಿಂದಲೇ ಶುರುವಾಗಬೇಕು. ಕಂಪ್ಯೂಟರಿನದು ಇನ್ನೊಂದು ಕಟ್ಟುನಿಟ್ಟು. ಆರೇಳು ನಿಮಿಷವಾಗುತ್ತಲೇ ಪರದೆ ಕಲ್ಲಾಗುತ್ತಿತ್ತು. ಎರಡು ದಿನದಲ್ಲಿ ಹನ್ನೊಂದು ಸಲ ಗಣಪತಿ ಪದ ರೆಕಾರ್ಡ್ ಆಯಿತು.

ಕೆಳಗೆ ಅಡುಗೆಮನೆಯಿಂದ ಗಿರಿಜಾಂಬಿಕಾ ಕೂಗಿದಳು. "ರೀ, ಗಣಪ ಹನ್ನೊಂದು ಸಲ ಬಂದೋದ. ಹೆಣ್ಣು ಒಂದ್ಸಲಾನೂ ಹೊಸಿಲು ದಾಟ್ಲಿಲ್ವಲ್ರೀ!"

ಆ ಎರಡನೇ ದಿನದ ಸಂಜೆ ತೋಂಟದಾರ್ಯ ಯಾವುದೋ ವೀಡಿಯೋ ನೋಡಿ ಸಾಫ್ಟ್‌ವೇರಿನಲ್ಲಿ ಬಫರ್ ಅನ್ನುವುದನ್ನು ಏರಿಸಿದ. ಕಂಪ್ಯೂಟರ್ ನಿಧಾನವಾಗಿ ಕೆಲಸ ಮಾಡಲಿ, ನಿಲ್ಲದಿದ್ದರೆ ಸಾಕು ಎಂದು. ಅದರಿಂದ ಮುದುಕಿ ಹಾಡಿದ್ದು ಅವಳ ಹೆಡ್‌ಫೋನಿನಲ್ಲಿ ಸ್ವಲ್ಪ ತಡವಾಗಿ ಮತ್ತೆ ಕೇಳತೊಡಗಿತು. ಅವಳ ಮುಖ ಅರಳಿತು.

"ಹಿಂದೆ ಸೊಲ್ಲು ಹಿಡಿಯೋರು ಸಂದಾಗವ್ರೆ ಅಳಿಯಂದ್ರೇ. ಎಲ್ಲಿ ಕೂರ್ಸಿದ್ದೀರಾ? ಅವರ್ಗೂ ಒಂದೊಂದು ಲೋಟ ಕಾಪಿ ಕೊಡಿ."

ಸೋಬಾನೆಯಲ್ಲಿ ಒಬ್ಬಳು ಹೇಳಿದ್ದನ್ನು ಹಿಂದಿನ ಹೆಂಗಸರು ಹಿಡಿಯುತ್ತಾರಲ್ಲ, ಅದೇ ಎಂದು ಅವಳು ತಿಳಿದಿದ್ದಳು. ಅದು ಅವಳದೇ ದನಿ ಎಂದು ಬಿಡಿಸಿ ಹೇಳುವ ಬದಲು ತೋಂಟದಾರ್ಯ ಹಾಡು ಎಂದು ಕೈ ಸನ್ನೆ ಮಾಡಿದ. ಒಂಬತ್ತನೇ ಪದಕ್ಕೆ ಕಂಪ್ಯೂಟರ್ ಮತ್ತೆ ನಿಂತಿತು.

ಮೂರನೇ ದಿನ ನನಗೆ ತಲೆ ಕೆಟ್ಟಿತು. "ಬಿಸಿಯಾಗಿ ನಿಲ್ತಾ ಐತೆ ಅಂದ್ರೆ ಗಾಳಿ ಆಡ್ತಿಲ್ಲ ಅಂತ ಕಣ್ಲಾ. ಮೋಟರಾದ್ರೂ ಅಷ್ಟೇ. ಬಿಚ್ತೀನಿ, ಬುಡು!" ಅವನು ಬೇಡ ಬೇಡ ಅನ್ನುತ್ತಿರುವಾಗಲೇ ಮುಚ್ಚಳ ತೆಗೆದೆ. ಒಳಗೆ ಫ್ಯಾನೇ ಕಾಣಲಿಲ್ಲ. ಎಷ್ಟೋ ವರ್ಷದ ಮಟ್ಟೆಯ ದೂಳೂ ನಾರೂ ಸೇರಿ ಗುಬ್ಬಿ ಗೂಡು ಕಟ್ಟಿದ ಹಾಗಿತ್ತು. ಹಿಡಿ ಹಿಡಿಯಾಗಿ ಕಿತ್ತು ಕೆಳಗೆ ಎಸೆದೆ. ಗಿರಿಜಾಂಬಿಕಾ ಅದನ್ನೇ ಉಂಡೆ ಮಾಡಿಕೊಂಡು ಪಾತ್ರೆ ತಿಕ್ಕಲು ಕೂತಳು.

ಕಂಪ್ಯೂಟರ್ ಹೊಸ ಮದುಮಗನ ಹಾಗೆ ಹುರುಪಾಯಿತು. ತೋಂಟದಾರ್ಯ ಬಫರ್ ಇಳಿಸಿದ. ಚಿಕ್ಕಗಂಗಮ್ಮ ಹದಿಮೂರನೇ ಸಲ ಗಣಪತಿಯನ್ನು ಕರೆದಳು. ಐದು ನಿಮಿಷ, ಹತ್ತು ನಿಮಿಷ, ಪರದೆ ಓಡುತ್ತಲೇ ಇತ್ತು. ಹೆಣ್ಣನ್ನು ಒಪ್ಪಿಸುವ ಜಾಗಕ್ಕೆ ಬಂತು.

"ಹಟ್ಟಿ ಗುಡಿಸಿದ ಮಗಳ ನಿಮ್ಮ ಹೊಸಿಲಿಗೆ ಒಪ್ಪಿಸ್ತೀವಿ..."

ಅಲ್ಲಿ ಮುದುಕಿ ತಡವರಿಸಿದಳು. ಹೆಡ್‌ಫೋನ್ ಮುಟ್ಟಿ ನೋಡಿಕೊಂಡಳು.

"ಹಿಂದಿನೋರು ಎಲ್ಲಿಗೋದ್ರಪ್ಪ? ಅವರು ಹಿಡಿಯೋವಾಗ ತಾನೆ ನಂಗೆ ಮುಂದಿನ್ ಪದ ನೆಪ್ಪಾಗಾದು."

ತೋಂಟದಾರ್ಯ ಬಫರ್ ಏರಿಸಲು ಕೈ ಹಾಕಿದ; ಆದರೆ ಅದಕ್ಕೆ ರೆಕಾರ್ಡಿಂಗ್ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಗಣಪತಿ ಪದದಿಂದ. ಹಿಂದಿನ ದಿನ ಹೆಡ್‌ಫೋನಿನಲ್ಲಿ ಬರುತ್ತಿದ್ದ ಆ ತಡ, ಕಂಪ್ಯೂಟರಿನ ರೋಗವೇ, ಮುದುಕಿಗೆ ಜೊತೆಯಾಗಿತ್ತು. ರೋಗ ವಾಸಿ ಮಾಡಿ ನಾವು ಹಾಡು ಕೆಡಿಸಿದ್ದೆವು. ಮಾರನೆಯ ಬೆಳಿಗ್ಗೆ ಅವಳ ಬಸ್ಸು. ಆ ದೊಡ್ಡರಂಗಯ್ಯನ ಅರ್ಧ ಪದವೇ ನನಗೂ ನೆನಪಾಯಿತು.

ಅಷ್ಟರಲ್ಲಿ ಕೆಳಗಿನಿಂದ ಅದೇ ಸಾಲು ಕೇಳಿಸಿತು. ಹಾಡುತ್ತಲೇ ಗಿರಿಜಾಂಬಿಕಾ ಏಣಿ ಹತ್ತಿ ಬಂದಳು. ಕೈಯಲ್ಲಿ ಅದೇ ನಾರಿನ ಉಂಡೆ, ಮೊಣಕೈವರೆಗೆ ನೊರೆ. ಮುದುಕಿಯ ಹಿಂದೆ ಕೂತು ಸಾಲು ಮುಗಿಸಿದಳು. ಮುದುಕಿ ತಿರುಗಿಯೂ ನೋಡದೆ ಮುಂದಿನದನ್ನು ಎತ್ತಿದಳು.

"ಮೆಟ್ಟಿದ ಹೆಜ್ಜೆ ನಮ್ಮ ಮಣ್ಣಾಗೆ ಬಿಟ್ಟು ಹೋಗವ್ವ..."

ಇಪ್ಪತ್ತೆರಡು ನಿಮಿಷ. ಹೆಣ್ಣು ಹೊಸಿಲು ದಾಟಿತು. ಫೈಲು ಸೇವ್ ಆಯಿತು. ತೋಂಟದಾರ್ಯ ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದ.

"ನಿಂಗೆ ಈ ಹಾಡು ಬತ್ತದೇನೇ?"

"ಊರಲ್ಲಿ ಎಂಟು ವರ್ಷ ಗಂಗಜ್ಜಿ ಹಿಂದೆ ಸೊಲ್ಲು ಹಿಡ್ದಿದ್ದೀನಿ. ಮದ್ವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ಆ ಪೆಟ್ಗೆ ಅಲ್ಲಾಡ್ಸಿ ಅಲ್ಲಾಡ್ಸಿ ಕೇಳಿದ್ರಿ. ನನ್ನ ಕೇಳಿದ್ರಾ?"

ನನ್ನ ಹೆಂಡತಿಗೆ ಏನು ಬರುತ್ತದೆಂದು ನಾನಾದರೂ ಯಾವತ್ತು ಕೇಳಿದ್ದೆ? ಚಿಕ್ಕಗಂಗಮ್ಮ ಹೆಡ್‌ಫೋನ್ ತೆಗೆದಿಟ್ಟು, "ಹಿಂದಿನೋಳಿಗೆ ಕಾಪಿ ಕೊಡಿ ಅಂತ ನಿನ್ನೇನೇ ಹೇಳಿದ್ನಲ್ಲ ಅಳಿಯಂದ್ರೇ" ಅಂದಳು.

ತೋಂಟದಾರ್ಯ ಎದ್ದು ಏಣಿ ಇಳಿದ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಅವನ ದನಿ ಬಂತು. "ಗಿರಿಜಾ, ಕಾಫಿಪುಡಿ ಎಲ್ಲಿಟ್ಟಿದ್ದೀಯಾ?"