ಬೆಂಚಿನಿಂದ ಎದ್ದವರು

ನನ್ನ ನಾದಿನಿಗೆ ಕೆಲಸದ ಜಾಗದಲ್ಲಿ ಗೆರೆಯಮ್ಮ ಅಂತಲೇ ಹೆಸರು. ದೊಡ್ಡಾಸ್ಪತ್ರೆಯ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುವ ಕಟ್ಟಡ ಅದು. ಅವಳು ಮಡಿಚಿದ ಹಾಸುಬಟ್ಟೆಯನ್ನು ದಾದಿಯರು ಬಿಡಿಸಿದರೆ ನಡುವಿನ ಗೆರೆ ಮಂಚದ ನಡುವಿಗೇ ಬೀಳುತ್ತಿತ್ತಂತೆ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಸಂಜೆ ಮನೆಗೆ ಬಂದರೆ ಬಿಸಿ ಬಟ್ಟೆಯ ವಾಸನೆ. ನನ್ನ ಮಗಳು ಆಗ ಚಿಕ್ಕವಳು, ಅತ್ತೆಯ ತೋಳಿಗೆ ಮೂಗೊತ್ತಿಕೊಂಡೇ ಮಲಗುತ್ತಿದ್ದಳು.

ಇಸ್ತ್ರಿ ವಿಭಾಗದ ಮುಖ್ಯಸ್ಥ ಕೆಲಸ ಬಿಟ್ಟಾಗ ಆ ಜಾಗ ಇವಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಕೊಟ್ಟದ್ದು ಇವಳೇ ಇಸ್ತ್ರಿಪೆಟ್ಟಿಗೆ ಹಿಡಿಯಲು ಕಲಿಸಿದ ಒಬ್ಬ ಗಂಡಸಿಗೆ. ಕೇಳಿದ್ದಕ್ಕೆ ಸೂಪರ್‌ವೈಸರ್ ನಕ್ಕನಂತೆ.

"ಹೆಂಗಸು ಹೇಳಿದರೆ ಗಂಡಸರು ಕೇಳಲ್ಲಮ್ಮ. ನೀನು ಚೆನ್ನಾಗಿ ಮಡಚ್ತೀಯ, ಮಡಚ್ಕೊಂಡಿರು."

ಇವಳು ಕಾರ್ಮಿಕ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ನಮ್ಮ ಯಜಮಾನರು ತಲೆ ಚಚ್ಚಿಕೊಂಡರು.

"ಕಚೇರಿ ಮೆಟ್ಟಿಲು ಹತ್ತಿ ಇಳಿದು ನಿನ್ನ ಚಪ್ಪಲಿ ಸವೆಯುತ್ತೆ, ಇನ್ನೇನೂ ಆಗಲ್ಲ."

"ಚಪ್ಪಲಿ ನಂದೇ ತಾನೇ ಅಣ್ಣ, ಸವೆಯಲಿ ಬಿಡು."

ಮರುವಾರವೇ ಅವಳನ್ನು ಕೊಳೆ ಕೋಣೆಗೆ ಹಾಕಿದರು. ಆಸ್ಪತ್ರೆಯಿಂದ ಬಂದ ಬಟ್ಟೆ ಮೊದಲು ಬೀಳುವುದು ಅಲ್ಲಿಗೆ. ರಕ್ತ, ಕೀವು, ವಾಂತಿ ಅಂಟಿದ್ದನ್ನೆಲ್ಲ ಕೈಯಿಂದ ಬೇರ್ಪಡಿಸಬೇಕು. ಕಿಟಕಿ ಇಲ್ಲ. ಸೋಂಕು ಹರಡುತ್ತದೆ, ಊಟಕ್ಕೆ ಉಳಿದವರ ಜೊತೆ ಕೂರಬೇಡ ಎಂದು ಸೂಪರ್‌ವೈಸರ್ ಹೇಳಿದ. ಜೊತೆಯ ಹೆಂಗಸರು ಮೊದಮೊದಲು ಸಂಕೋಚದಿಂದ ಅತ್ತ ತಿರುಗುತ್ತಿದ್ದರು. ಆಮೇಲಾಮೇಲೆ ಇವಳು ಹತ್ತಿರ ಬಂದರೆ ಬುತ್ತಿ ಎತ್ತಿಕೊಂಡು ಎದ್ದೇ ಹೋಗುತ್ತಿದ್ದರು.

"ನನ್ನ ಮೂಗಿಗೆ ರಜೆ ಕೊಟ್ಟುಬಿಟ್ಟಿದೀನಿ ಅತ್ತಿಗೆ," ಎಂದು ಶುರುವಿನಲ್ಲಿ ತಮಾಷೆ ಮಾಡುತ್ತಿದ್ದಳು. ಆದರೆ ಮನೆಗೆ ಬಂದವಳು ಸ್ನಾನ ಮಾಡಿ, ಮತ್ತೆ ಕೈ ತೊಳೆದು, ಆಮೇಲೂ ಮಗುವನ್ನು ಮುಟ್ಟುತ್ತಿರಲಿಲ್ಲ. ಮಗಳು ಅತ್ತತ್ತು ಸುಮ್ಮನಾದಳು.

ಅರ್ಜಿ ಕೊಟ್ಟದ್ದಕ್ಕೇ ಸೇಡು ತೀರಿಸುತ್ತಿದ್ದಾರೆಂದು ಇವಳು ಇನ್ನೊಂದು ದೂರು ಕೊಟ್ಟಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ತನ್ನ ಇಸ್ತ್ರಿ ಮೇಜು. ಕೆಮ್ಮುವ ಒಬ್ಬ ಬಡಕಲು ಅಧಿಕಾರಿ ಕರೆಸಿ ಹೇಳಿದ.

"ಸೇಡು ಅಂತ ನನಗೂ ಅನುಮಾನ ಇದೆಯಮ್ಮ. ಆದರೆ ಅನುಮಾನದ ಮೇಲೆ ಆದೇಶ ಬರೆಯೋಕಾಗಲ್ಲ. ಆ ಕೋಣೆಗೆ ಎಲ್ಲರನ್ನೂ ಸರದಿ ಮೇಲೆ ಕಳಿಸ್ತೀವಿ ಅಂತ ಅವರು ಹೇಳ್ತಿದಾರೆ. ಹಾಗಿಲ್ಲ ಅಂತ ಹೇಳೋಕೆ ಯಾರಾದ್ರೂ ಬರ್ತಾರಾ?"

ಯಾರೂ ಬರಲಿಲ್ಲ. ವಿಚಾರಣೆಯ ದಿನ ಬಂದವರು ಸೂಪರ್‌ವೈಸರ್ ಕಡೆಯಿಂದ, ಇವಳ ಜೊತೆಯಲ್ಲೇ ಇಸ್ತ್ರಿ ಮಾಡಿದ ಮೂವರು ಹೆಂಗಸರು. ಮೂವರೂ ನೆಲ ನೋಡಿಕೊಂಡು ಒಂದೇ ಮಾತು ಒಪ್ಪಿಸಿದರು.

"ನಾವೂ ಸರದಿಯಂತೆ ಆ ಕೋಣೇಲಿ ಕೆಲಸ ಮಾಡ್ತೀವಿ ಸಾರ್."

"ಯಾವಾಗ ಮಾಡಿದಿರಿ ಅಕ್ಕ?" ಎಂದು ಇವಳು ಮೆಲ್ಲಗೆ ಕೇಳಿದಳು. ಅವರು ಬಾಯಿ ಬಿಡುವ ಮುಂಚೆ ಸೂಪರ್‌ವೈಸರನೇ ಉತ್ತರ ಹೇಳಿದ.

ಚಹಾ ಕುಡಿದು ಬಂದು ಮುಗಿಸುತ್ತೇನೆಂದು ಅಧಿಕಾರಿ ಎದ್ದ. ಹೊರಗೆ ಓಣಿಯಂಥ ಜಾಗದಲ್ಲಿ ಇದ್ದದ್ದು ಒಂದೇ ಬೆಂಚು. ಆ ಮೂವರು ಅದರ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ನಿಂತೇ ಇದ್ದ ಇವಳು ಹೋಗಿ ತುದಿಯಲ್ಲಿ ಕೂತಳು. ಕೂತದ್ದೇ ತಡ, ಮೂವರೂ ಒಟ್ಟಿಗೆ ಎದ್ದು ಎದುರಿನ ಗೋಡೆಗೆ ಹೋಗಿ ನಿಂತರು. ಹಿರಿಯವಳ ಕೈ ಮೂಗಿಗೆ ಹೋಯಿತು. ಲೋಟ ಹಿಡಿದು ಬರುತ್ತಿದ್ದ ಅಧಿಕಾರಿ ಅಲ್ಲೇ ನಿಂತ.

"ಯಾಕೆ ಎದ್ದಿರಿ?"

"ವಾಸನೆ ಸಾರ್," ಎಂದಳು ಹಿರಿಯವಳು, ಯೋಚಿಸದೆ. "ಅವಳು ಕೊಳೆ ಕೋಣೆಯವಳು. ನಮಗೆ ಅಭ್ಯಾಸ ಇಲ್ಲ."

ಅಧಿಕಾರಿ ಲೋಟವನ್ನು ಕಿಟಕಿಯ ಮೇಲಿಟ್ಟ.

"ಸರದಿಯಂತೆ ಮಾಡ್ತೀವಿ ಅಂದ್ರಿ. ಅಭ್ಯಾಸ ಇಲ್ಲವಾ? ಒಳಗೆ ಬನ್ನಿ, ಮೂವರೂ."

ಆಗ ಹಿರಿಯವಳಿಗೆ ತಾನು ಏನಂದೆ ಎಂದು ಗೊತ್ತಾಯಿತು. ಅಳುತ್ತಲೇ ಒಳಗೆ ಹೋಗಿ, ತಾವು ಆ ಕೋಣೆಯ ಹೊಸ್ತಿಲನ್ನೂ ದಾಟಿಲ್ಲ, ಹೀಗೆ ಹೇಳಿ ಎಂದು ಸೂಪರ್‌ವೈಸರನೇ ಹೇಳಿಕೊಟ್ಟಿದ್ದ ಎಂದು ಒಪ್ಪಿಕೊಂಡಳು.

ನಾನು ಬೆಂಚಿನ ಹತ್ತಿರವೇ ಇದ್ದೆ. ಅವತ್ತು ನಾದಿನಿಗೆ ತಲೆಗೆ ನೀರು ಹಾಕಿದವಳು ನಾನು. ಅವಳು ಉಟ್ಟದ್ದು ಒಗೆದ ಬಟ್ಟೆ. ಬಸ್ಸಿನಲ್ಲಿ ಅವಳ ಭುಜಕ್ಕೆ ಒರಗಿ ಕೂತು ಬಂದಿದ್ದೆ, ಯಾವ ವಾಸನೆಯೂ ಇರಲಿಲ್ಲ. ಕೇಸು ಗೆದ್ದ ಆ ಗಳಿಗೆಯಲ್ಲಿ ಅವಳು ತಲೆ ತಗ್ಗಿಸಿ ತನ್ನ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದಳು.

ಅವಳ ಮೇಜು ಅವಳಿಗೆ ವಾಪಸು ಸಿಕ್ಕಿತು. ಮುಖ್ಯಸ್ಥೆಯ ಜಾಗ ಸಿಗಲಿಲ್ಲ, ಅದಕ್ಕೆ ಬೇರೆ ಪುರಾವೆ ಬೇಕಂತೆ.

"ಅಂತೂ ಗೆದ್ದೆಯಲ್ಲ," ಎಂದರು ಯಜಮಾನರು.

"ಗೆದ್ದೆ ಅಣ್ಣ. ನಾನು ನಾರ್ತೀನಿ ಅಂತ ಸಾಬೀತಾಯ್ತು."

ಆ ಹಿರಿಯವಳು ಆಮೇಲೆ ಎಷ್ಟೋ ಸಲ ಊಟಕ್ಕೆ ಕರೆದಳಂತೆ. ಇವಳು ನಲ್ಲಿಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ನನ್ನ ಮಗಳ ಮದುವೆಯ ದಿನ ಕೂಡ ದೂರದಿಂದಲೇ ಕೈಯೆತ್ತಿ ಹರಸಿದಳು.

ಕೊನೆಗೆ ಹಾಸಿಗೆ ಹಿಡಿದಾಗ ನಾನೇ ಮೈ ಒರೆಸುತ್ತಿದ್ದೆ. ಒಂದು ಬೆಳಿಗ್ಗೆ ಕೈ ಚಾಚಿದಳು.

"ನೋಡಿ ಅತ್ತಿಗೆ, ಇನ್ನೂ ಬರುತ್ತಾ?"

ಅವಳ ಅಂಗೈಯನ್ನು ನನ್ನ ಮುಖಕ್ಕೆ ಒತ್ತಿಕೊಂಡೆ. ಬರೀ ಸೋಪಿನ ವಾಸನೆ. ಇಲ್ಲ ಕಣೇ, ಎಂದೆ.

"ನೀವು ಮನೆಯವರು, ಹಾಗೇ ಹೇಳ್ತೀರಿ," ಎಂದು ಕೈ ಎಳೆದುಕೊಂಡು ಹೊದಿಕೆಯೊಳಗೆ ಇಟ್ಟುಕೊಂಡಳು.