ಅವ್ವನ ಎಡಗಣ್ಣು

ನಾನು ನಿಂತಿದ್ದು ಗಜೇಂದ್ರಗಡದ ಬಸ್ ನಿಲ್ದಾಣದ ಎದುರು, ನಾನು ಕೆಲಸಕ್ಕಿದ್ದ ಫೋಟೋ ಸ್ಟುಡಿಯೋದಲ್ಲಿ, ಗಾಜಿನ ಕೌಂಟರಿನ ಒಳಬದಿಗೆ, ಕಂಪ್ಯೂಟರಿಗೆ ಬೆನ್ನು ಮಾಡಿ. 2006ರ ಶ್ರಾವಣ, ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಎದುರಿಗೆ ನೇಕಾರರ ಓಣಿಯ ಹೆಣ್ಣುಮಗಳೊಬ್ಬಳು. ಅವಳ ಪಕ್ಕದಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಚಾಚಾ, ಆಗಷ್ಟೇ ಗಾಜು ಕೂಡಿಸಿದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮಾಲೀಕರು ಕುರ್ಚಿಯಲ್ಲಿದ್ದರು.

ಅವಳು ಬಹಳ ಹೊತ್ತು ನೋಡಿದಳು.

"ಇವರ್ಯಾರ್ರಿ?"

"ನಿಮ್ಮವ್ವ," ಅಂದರು ಮಾಲೀಕರು. "ಹ್ಯಾಂಗ ಕಣ್ಣ ತೆರದ ಕುಂತಾರ ನೋಡು, ರಾಣಿ ಕುಂತಂಗ."

ಆ ತಾಯಿ ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿರಲಿಲ್ಲ. ತೀರಿಕೊಂಡ ದಿನ, ಗೋಡೆಗೆ ಆನಿಸಿ ಕೂರಿಸಿದಾಗ, ನಾನೇ ಹೋಗಿ ತೆಗೆದಿದ್ದೆ. ಹಾಗೆ ತೆಗೆದ ಫೋಟೋಕ್ಕೆ ಕಣ್ಣು ತೆರೆಸಿ ಕೊಡುವುದು ನಮ್ಮ ಸ್ಟುಡಿಯೋಗಳ ರೂಢಿ. ಬೇರೆ ಯಾರದೋ ಕಣ್ಣು ಕತ್ತರಿಸಿ ಮುಚ್ಚಿದ ರೆಪ್ಪೆಯ ಮೇಲೆ ಕೂಡಿಸುತ್ತೇವೆ. ಮಗಳು ನನಗೆ ಅಂದೇ ಹೇಳಿದ್ದಳು: "ಅಣ್ಣಾರ, ಅವ್ವನ ಎಡಗಣ್ಣಾಗ ಹೂ ಬಿದ್ದಿತ್ರಿ, ಬೆಳ್ಳಗ. ಅದನ್ನ ಹಂಗ ಇಡ್ರಿ. ಅದಿಲ್ಲಂದ್ರ ನಮ್ಮವ್ವ ಅನಸೂದಿಲ್ಲ." ನಾನು ಅವಳ ಆರ್ಡರಿನ ಕವರಿನ ಮೇಲೆ ಬರೆದಿಟ್ಟೆ.

ನನ್ನ ಹತ್ತಿರ ಹುಬ್ಬಳ್ಳಿಯಿಂದ ತಂದ ಒಂದು ಸಿ.ಡಿ. ಇತ್ತು. ಪರದೇಶದ ವಸ್ತುಸಂಗ್ರಹಾಲಯಗಳ ಹಳೆಯ ತೈಲಚಿತ್ರಗಳ ಫೋಟೋಗಳು. ಅವನ್ನು ಪರದೆಯ ಒಂದು ಬದಿಗಿಟ್ಟು, ಬೆಳಕು ಮೂಗಿನ ಯಾವ ಕಡೆ ನಿಲ್ಲುತ್ತದೆ, ಕೆನ್ನೆಯ ಕೆಳಗೆ ಕತ್ತಲೆ ಎಷ್ಟು ಮೆಲ್ಲಗೆ ಶುರುವಾಗುತ್ತದೆ ಎಂದು ನೋಡುತ್ತ, ನಮ್ಮ ಮಂದಿಯ ಮುಖ ತಿದ್ದಲು ಕಲಿಯುತ್ತಿದ್ದೆ. ಅದರಲ್ಲೊಬ್ಬ ಮುದುಕಿ ಇದ್ದಳು. ಅವಳ ಹುಬ್ಬಿನ ಮೇಲಿನ ಗಂಟನ್ನೂ ಚಿತ್ರಕಾರ ಬಿಟ್ಟಿರಲಿಲ್ಲ. ಈ ತಾಯಿಯ ಹೂವನ್ನೂ ಹಾಗೆಯೇ ಮಾಡಬೇಕೆಂದುಕೊಂಡಿದ್ದೆ.

ಹಿಂದಿನ ದಿನ, ಸೋಮವಾರ, ಮಾಲೀಕರು ನನ್ನನ್ನು ನರಗುಂದಕ್ಕೆ, ಮಾಸ್ತರರೊಬ್ಬರ ಬೀಳ್ಕೊಡುಗೆಯ ಫೋಟೋ ತೆಗೆಯಲು ಕಳಿಸಿದರು. ಅವಸರದಲ್ಲಿ ಕಂಪ್ಯೂಟರಿನಲ್ಲಿದ್ದ ಆ ತಾಯಿಯ ಫೋಟೋದ ಇನ್ನೊಂದು ಪ್ರತಿ ಮಾಡಿಡದೆ ಬಸ್ ಹತ್ತಿದೆ. ಮಾಲೀಕರು ತಾವೇ ಕೂತು, ನನ್ನ ಸಿ.ಡಿ.ಯಿಂದ ಒಬ್ಬ ರಾಜಕುಮಾರಿಯ ಕಣ್ಣು ಕತ್ತರಿಸಿ ಅಂಟಿಸಿದ್ದರು. ಬೂದು ಬಣ್ಣದ, ಹೊಳೆಯುವ ಕಣ್ಣು.

"ಸಾವ್ಕಾರ್ರ, ಇಂಥಾ ಕಣ್ಣ ಈ ಗುಡ್ಡದ ಸುತ್ತ ಎಲ್ಲೂ ಹುಟ್ಟಿಲ್ರಿ," ಅಂದರು ಚಾಚಾ, ಕೈಯಲ್ಲಿದ್ದ ಫೋಟೋ ನೋಡುತ್ತ. "ಬೆಕ್ಕಿನ್ವು ಏನ?"

"ನೀ ಗಾಜ ಒರಸಪಾ."

ಮಗಳು ನಗಲಿಲ್ಲ. "ಹೂ ಎಲ್ಲೈತ್ರಿ?"

"ಸತ್ತ ಮ್ಯಾಲೂ ಕುರುಡಿ ಮಾಡಿ ಕುಂದ್ರಸ್ಬೇಕೇನ ತಂಗಿ? ಪುಣ್ಯಾದ ಕೆಲಸಾ ಮಾಡೇನಿ."

"ಆ ಕಣ್ಣ ಇಟಗೊಂಡ ಅಕಿ ಕಡೀತನಕಾ ಮಗ್ಗಾ ನೇಯ್ದಾಳ. ಅಕಿಗೆ ನಾಚ್ಕಿ ಇರಲಿಲ್ಲ, ನಿಮಗ್ಯಾಕ ಬಂತು?" ಆಮೇಲೆ ನನ್ನ ಕಡೆ ತಿರುಗಿದಳು. "ಕಣ್ಣ ಮುಚ್ಚಿದ್ದ ಕೊಡ್ರಿ ಅಣ್ಣಾರ. ಅದ ಸಾಕು."

ನಾನು ಹುಡುಕಿದೆ. ಮಾಲೀಕರು ಅದೇ ಫೈಲಿನ ಮೇಲೆ ಸೇವ್ ಮಾಡಿದ್ದರು, ಮೂಲ ಫೋಟೋ ಅಳಿಸಿಹೋಗಿತ್ತು. ಕ್ಯಾಮೆರಾದ ಕಾರ್ಡನ್ನು ರೋಣದ ಮದುವೆಗೆಂದು ಖಾಲಿ ಮಾಡಿದ್ದರು. "ಹಳೇದ ಇಟಗೊಂಡ ಏನ್ ಮಾಡೂದಿತ್ತು?" ಅಂದರು.

ಕೆನ್ನೆಯ ಚರ್ಮ ತಂದು ಕಣ್ಣಿನ ಮೇಲೆ ಎಳೆದು, ಒಂದು ತಾಸು ಹೆಣಗಾಡಿದೆ. ಕಣ್ಣಿಗೆ ಪಟ್ಟಿ ಕಟ್ಟಿದಂತೆ ಕಂಡಿತು. ಅವಳು ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. "ಬಿಡ್ರಿ," ಅಂದಳು. ಫೋಟೋ ಮುಟ್ಟದೆ ಹೋದಳು.

ಮಧ್ಯಾಹ್ನ ಮಾಲೀಕರು ಅದನ್ನು ಬೀದಿಗೆ ಕಾಣುವಂತೆ ಗಾಜಿನ ಕಪಾಟಿನಲ್ಲಿ ತೂಗುಹಾಕಿದರು. "ಕೆಲಸ ಚಲೋ ಆಗೇತಿ, ಮಂದಿ ನೋಡ್ಲಿ." ನಾನು ಇಳಿಸಿದೆ. ಅವರು ಕಸಿದುಕೊಳ್ಳಲು ಬಂದರು. ಚೌಕಟ್ಟನ್ನು ನೆಲಕ್ಕೆ ಹೊಡೆದೆ. ಕೈ ಜಾರಿ ಬಿತ್ತೆಂದು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಅಂದೇ ಕೆಲಸ ಬಿಟ್ಟೆ. ಆದರೆ ಸಿ.ಡಿ. ತಂದವನು ನಾನು, ಪ್ರತಿ ಮಾಡದೆ ಹೋದವನೂ ನಾನು. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ, ಇನ್ನೂ ಇಳಿದಿಲ್ಲ.

ಮಾಲೀಕರು ಈಗಿಲ್ಲ. ನನ್ನ ಮಾತಿನಲ್ಲಿ ತಪ್ಪಿದ್ದರೆ ತಿದ್ದಲು ಇಬ್ಬರಿದ್ದಾರೆ. ಕಟ್ಟು ಹಾಕುವ ಚಾಚಾ. ಅವರಿಗೆ ಕಿವಿ ಮಂದವಾಗಿದೆ, ಜೋರಾಗಿ ಕೇಳಬೇಕು. ಮತ್ತು ಆ ಮಗಳು. ಅದೇ ಓಣಿಯಲ್ಲಿ ಮಗ್ಗ ನಡೆಸುತ್ತಾಳೆ. ಅವಳ ಮನೆಯ ಗೋಡೆಯ ಮೇಲೆ ಅವ್ವನ ಫೋಟೋ ಇಲ್ಲ.