ಗಡಿಯಾರದಮ್ಮ ಬದಲಾಯಿಸದ ನಂಬರು

“ಅತ್ತೆ, ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳಿ. ನಮ್ಮ ಕೇಂದ್ರದ ಆಪ್‌ನಲ್ಲಿರೋ ಬರಹ ಎಲ್ಲ ಬಟ್ಟೆ ಮೇಲೆ ದಾರದಲ್ಲಿ ಹೊಲಿದ ಅಕ್ಷರ ಇದ್ದ ಹಾಗೆ. ಡಯಾಲಿಸಿಸ್ ಎಷ್ಟು ಹೊತ್ತಿಗೆ, ದಿನಕ್ಕೆ ಎಷ್ಟು ನೀರು ಕುಡೀಬಹುದು, ಯಾವತ್ತು ರಜೆ, ಎಲ್ಲಾನೂ ನಿಮ್ಮ ಮಗ ಒಳಗೇ ಸೇರಿಸಿ ಹೊಲಿದುಬಿಟ್ಟಿದ್ದಾರೆ. ಒಂದಕ್ಷರ ಬದಲಾಯಿಸಬೇಕು ಅಂದ್ರೂ ಹೊಲಿಗೆ ಬಿಚ್ಚಬೇಕು, ಮತ್ತೆ ಹೊಲಿಬೇಕು, ಆಪ್ ಸ್ಟೋರ್ ಕಂಪನಿಯವರು ನೋಡಿ ಆಯ್ತು ಅನ್ನೋವರೆಗೂ ಕಾಯಬೇಕು. ಹೊಲಿಯೋರೇ ಇಲ್ಲ ಈಗ. ಇನ್ನೊಂದು ದಾರಿ ಇದೆ. ಬರಹನೆಲ್ಲ ಹೊರಗೆ ಬೇರೆ ಕಡೆ ಇಡೋದು. ಅದಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಂತಾರೆ. ಅದು ಸ್ಲೇಟು ಅಂದ್ಕೊಳ್ಳಿ. ನಾನು ಕೌಂಟರ್‌ನಲ್ಲಿ ಕೂತು ಅಳಿಸಿ ಬರೆದ್ರೆ ಎಲ್ಲರ ಫೋನಲ್ಲೂ ಆಗಿಂದಾಗಲೇ ಬದಲಾಗುತ್ತೆ. ಒಳ್ಳೇದೇ ಅಲ್ವಾ? ಆದ್ರೂ ನನಗೆ ಮನಸ್ಸು ಬರ್ತಿಲ್ಲ.”

ಸೊಸೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ನನ್ನ ಮಗ ತೀರಿಕೊಂಡು ಆಗ ಐದು ತಿಂಗಳು.

ಅವಳದು ಡಯಾಲಿಸಿಸ್ ಕೇಂದ್ರದ ಕೌಂಟರ್‌ನಲ್ಲಿ ಹದಿನೆಂಟು ವರ್ಷದ ಕೆಲಸ. ಎಂಟು ಯಂತ್ರ, ದಿನಕ್ಕೆ ಮೂರು ಪಾಳಿ. ಯಾರು ಯಾವ ಪಾಳಿ, ಯಾವ ಹಾಸಿಗೆ ಎನ್ನುವುದೆಲ್ಲ ಅವಳ ನಾಲಿಗೆ ತುದಿಯಲ್ಲಿ. ರೋಗಿಗಳು ಅವಳಿಗೆ ಇಟ್ಟ ಹೆಸರು ಗಡಿಯಾರದಮ್ಮ. “ಐದು ನಿಮಿಷ ತಡ ಆದ್ರೆ ಯಾರ ತಲೆ ಹೋಗುತ್ತಮ್ಮ?” ಎಂದು ಒಬ್ಬರು ರೇಗಿದ್ದಕ್ಕೆ, “ತಲೆ ಹೋಗಲ್ಲ, ಹಿಂದೆ ನಿಂತಿದ್ದಾರಲ್ಲ, ಅವರ ಕಾಲು ಹೋಗುತ್ತೆ” ಅಂದಳಂತೆ.

ಆ ಆಪ್ ಮಾಡಿಕೊಟ್ಟವನು ನನ್ನ ಮಗ. ಆಫೀಸಿನಿಂದ ಬಂದ ಮೇಲೆ ಅವಳು ಹೇಳುವುದು, ಅವನು ಬರೆಯುವುದು. ಅವನು “ದ್ರವಾಹಾರದ ಪ್ರಮಾಣ” ಎಂದು ಬರೆದರೆ ಇವಳು, “ಯಾರಿಗ್ರೀ ಅರ್ಥ ಆಗುತ್ತೆ ಅದು? ನೀರು ಅಂತ ಬರೀರಿ, ಬಾಯಾರಿದವರಿಗೆ ಗೊತ್ತಾಗುತ್ತೆ” ಅನ್ನುವಳು. ಕೇಂದ್ರದ ಫೋನು ಆಗ ವಾರಕ್ಕೆ ನಾಲ್ಕು ದಿನ ಕೆಟ್ಟಿರುತ್ತಿತ್ತು. ಅದಕ್ಕೇ “ಏನಾದರೂ ಕೇಳುವುದಿದ್ದರೆ” ಎನ್ನುವ ಕಡೆ ಅವನು ತನ್ನ ಮೊಬೈಲ್ ನಂಬರನ್ನೇ ಹಾಕಿದ. ಸದ್ಯಕ್ಕೆ ಇರಲಿ ಅಂದ. ಆ ಸದ್ಯಕ್ಕೆ ಆರು ವರ್ಷ ಆಯಿತು. ಕರೆ ಬಂದರೆ ಕೇಳಿಕೊಂಡು ಹೆಂಡತಿಗೆ ತಿಳಿಸುವುದು ಅವನ ರೂಢಿ.

ಅವನು ಹೋದ ಮೂರನೇ ದಿನ ಆ ಫೋನು ಹೊಡೆದುಕೊಂಡಿತು. ನಾನು ಎತ್ತಿದೆ. ಯಾರೋ ರೋಗಿ, ಅವನಿಲ್ಲವೇ ಎಂದು ಕೇಳಿದರು. “ಹೊರಗೆ ಹೋಗಿದ್ದಾನೆ, ನನಗೆ ಹೇಳಿ” ಎಂದು ಬಾಯಿಗೆ ಬಂದುಬಿಟ್ಟಿತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಮಾರನೆಯ ದಿನದಿಂದ ಬೆಳಿಗ್ಗೆ ಎದ್ದವಳೇ ಅವನ ಫೋನನ್ನು ಚಾರ್ಜಿಗೆ ಹಾಕತೊಡಗಿದಳು. ಕರೆ ಬಂದಾಗಲೆಲ್ಲ ನಾನು ಅದೇ ಮಾತು ಹೇಳಿ, ಅವರು ಕೇಳಿದ್ದನ್ನು ಸೊಸೆಗೆ ತಿಳಿಸುತ್ತಿದ್ದೆ. ರೋಗಿಗಳಿಗೆ ವಿಷಯ ತಿಳಿಸಬೇಡಿ ಎಂದು ಜೊತೆಯವರಿಗೂ ಹೇಳಿಟ್ಟಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು.

ಮಗನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು, ಸೊಸೆ ಆ ಸ್ಲೇಟಿನ ಮಾತಾಡಿದ ಮೇಲಿನ ಭಾನುವಾರ ಮನೆಗೆ ಬಂದಳು. ಆಪ್‌ನ ಬರಹವನ್ನೆಲ್ಲ ಕಾಗದದ ಮೇಲೆ ಇಳಿಸಿ ತಂದಿದ್ದಳು. “ಅಕ್ಕ, ಎಂದೂ ಬದಲಾಗದ್ದಕ್ಕೆ ಈ ಸಿಸ್ಟಮ್ ಬೇಕಾಗಿಲ್ಲ, ಅದು ಒಳಗೇ ಇರಲಿ. ಬದಲಾಗೋದರ ಮುಂದೆ ಮಾತ್ರ ಗುರುತು ಹಾಕಿ” ಅಂದಳು. ಸೊಸೆ ಸಾಲುಸಾಲಿಗೆ ಗುರುತು ಹಾಕುತ್ತಾ ಹೋದಳು. ಒಂದು ಸಾಲು ಬಿಟ್ಟಳು.

“ಅಕ್ಕ, ಈ ನಂಬರು?”

“ಅದು ಬದಲಾಗಲ್ಲ.”

ಆ ಹೆಂಗಸು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. “ಅವಸರ ಏನಿಲ್ಲ, ಯೋಚನೆ ಮಾಡಿ ಹೇಳಿ” ಎಂದು ಹೊರಟುಹೋದಳು. ಕಾಗದ ಫ್ರಿಜ್ಜಿನ ಮೇಲೆ ಉಳಿಯಿತು. ಇವತ್ತು ನಾಳೆ ಎಂದು ಸೊಸೆ ಮೂರು ವಾರ ತಳ್ಳಿದಳು.

ಅಷ್ಟರಲ್ಲಿ ಒಂದು ಬುಧವಾರ ಕೇಂದ್ರದ ನೀರು ಶುದ್ಧ ಮಾಡುವ ಯಂತ್ರ ಕೆಟ್ಟು, ಬೆಳಗಿನ ಪಾಳಿ ಮಧ್ಯಾಹ್ನಕ್ಕೆ ಹೋಯಿತು. ಸೊಸೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಒಬ್ಬರ ಫೋನು ಮಾತ್ರ ನೆಟ್‌ವರ್ಕ್ ಇಲ್ಲದೆ ಹತ್ತಲಿಲ್ಲ. ಅವರು ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು. ಒಂಟಿ ಜೀವ. ಆಪ್ ನೋಡಿಕೊಂಡು ಹಳೆಯ ಹೊತ್ತಿಗೇ ಎರಡು ಬಸ್ಸು ಬದಲಿಸಿ ಬಂದರು. ಮುಂಬಾಗಿಲು ಮುಚ್ಚಿತ್ತು; ಎಲ್ಲರೂ ಹಿಂದುಗಡೆ ಕೆಟ್ಟ ಯಂತ್ರದ ಹತ್ತಿರ ಇದ್ದರು. ಆಪ್‌ನಲ್ಲಿದ್ದ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದರು. ನಾನು ಸ್ನಾನದ ಮನೆಯಲ್ಲಿದ್ದೆ. ಇವತ್ತು ರಜೆಯೇನೋ ಎಂದುಕೊಂಡು ಅವರು ವಾಪಸು ಹೋದರು. ಮಾರನೆಯ ದಿನ ಎದೆಗೆ ನೀರು ತುಂಬಿ, ಉಸಿರು ಸಿಗದೆ ಆಸ್ಪತ್ರೆ ಸೇರಿದರು. ಒಂಬತ್ತು ದಿನ ಐಸಿಯುವಿನಲ್ಲಿದ್ದರು.

ಅವರು ಮತ್ತೆ ಕೇಂದ್ರಕ್ಕೆ ಬಂದದ್ದು ಗಾಲಿಕುರ್ಚಿಯಲ್ಲಿ. ಅವತ್ತು ಸಂಜೆ ಸೊಸೆ ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತು ಅವರ ಮಾತನ್ನು ಅವರ ಧಾಟಿಯಲ್ಲೇ ಹೇಳಿದಳು: “ಗಡಿಯಾರದಮ್ಮ, ನಿಮ್ಮ ಯಜಮಾನರು ದೊಡ್ಡ ಮನುಷ್ಯರಾಗ್ಬಿಟ್ರು ಬಿಡಿ. ನಾಲ್ಕು ಸಲ ಮಾಡಿದ್ರೂ ಎತ್ತಲಿಲ್ಲ. ಅವರ ತಾಯೀನ ಕೇಳಿದ್ರೆ ಯಾವಾಗಲೂ ಹೊರಗೆ ಹೋಗಿದ್ದಾನೆ ಅಂತಾರೆ. ಏನು ತಿರುಗಾಟಾನಪ್ಪ ಅದು! ಬಂದ್ಮೇಲೆ ಮುದುಕ ಬೈದ ಅಂತ ಹೇಳಿ.”

“ನೀನೇನಂದೆ?”

“ಹೇಳ್ತೀನಿ ಅಂದೆ.”

ನಾನೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. “ನಾನು ಆ ಸುಳ್ಳು ಹೇಳಬಾರದಿತ್ತು ಕಣಮ್ಮ” ಅಂದೆ.

“ನೀವೊಬ್ರೇ ಅಲ್ಲ ಅತ್ತೆ. ದಿನಾ ಚಾರ್ಜಿಗೆ ಹಾಕ್ತಿದ್ದವಳು ನಾನು.”

ಎದ್ದು ಒಳಗೆ ಹೋಗಿ, ಫ್ರಿಜ್ಜಿನ ಮೇಲಿನ ಕಾಗದ ತೆಗೆದು, ಬಿಟ್ಟ ಸಾಲಿನ ಮುಂದೆ ಗುರುತು ಹಾಕಿದಳು. ಪೆನ್ನು ಒತ್ತಿ ಒತ್ತಿ ಕಾಗದವೇ ತೂತಾಯಿತು.

ಹೊಸ ಏರ್ಪಾಟು ಸಿದ್ಧವಾಗಲು ಒಂದು ತಿಂಗಳು ಹಿಡಿಯಿತು. ಸೊಸೆ ತಾನೇ ಬರೆದ ಮೊದಲ ಬದಲಾವಣೆ, ಮಗನ ನಂಬರಿನ ಜಾಗಕ್ಕೆ ಕೇಂದ್ರದ ಫೋನ್ ನಂಬರು; ಆ ಫೋನು ಈಗ ಕೆಡುತ್ತಿರಲಿಲ್ಲ. ಆಪ್ ಹೊಸದು ಮಾಡಿಕೊಳ್ಳದವರ ಕರೆ ಆಮೇಲೂ ಕೆಲವು ದಿನ ಬಂತು. “ಮಗ ತೀರಿಕೊಂಡನಪ್ಪ. ಇನ್ನು ಮೇಲೆ ಕೇಂದ್ರದ ನಂಬರಿಗೆ ಮಾಡಿ” ಎಂದು ಒಬ್ಬೊಬ್ಬರಿಗೂ ನಾನೇ ಹೇಳಿದೆ. ಪೋಸ್ಟ್‌ಮಾಸ್ಟರಿಗೆ ಸೊಸೆಯೇ ಎದುರು ನಿಂತು ಹೇಳಿದಳು. ಅವರು ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ.

ಕೊನೆಕೊನೆಗೆ ಕರೆಗಳು ನಿಂತವು. ಹಾಗೆ ನಿಂತ ಮೇಲಿನ ಮೊದಲ ಭಾನುವಾರ ಸೊಸೆ ಬೆಳಿಗ್ಗೆ ಅವನ ಫೋನನ್ನು ಚಾರ್ಜಿಗೆ ಹಾಕಲಿಲ್ಲ; ಹಾಸಿಗೆಯ ಹೊದಿಕೆಗಳನ್ನೆಲ್ಲ ನೆನೆಹಾಕಿದಳು. “ಅತ್ತೆ, ಈ ಕಡೆ ಹಿಡ್ಕೊಳ್ಳಿ, ನನ್ನೊಬ್ಬಳ ಕೈಲಿ ಆಗಲ್ಲ” ಎಂದು ಕರೆದಳು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವಳು. ನೀರು ಇಳಿಯುವವರೆಗೂ ಹಿಂಡಿದೆವು.